ಕರೆಂಟ್ ಹೋದಾಗ ಸಿಕ್ಕ ಸಂಜೆ

ನಮ್ಮ ಬೀದಿಯಲ್ಲಿ ಅಲಾರಂ ಇಟ್ಟುಕೊಂಡು ಏಳುವವರು ಕಡಿಮೆ. ಬೆಳಿಗ್ಗೆ ಆರಕ್ಕೆಲ್ಲ ಯಾರದಾದರೂ ಮನೆಯ ಮಗ್ಗ ಶುರುವಾಗುತ್ತದೆ. ಅದರ ಹಿಂದೆಯೇ ಪಕ್ಕದ ಮನೆಯದು, ಆಮೇಲೆ ಎದುರಿನ ಮನೆಯದು. ಹತ್ತು ನಿಮಿಷದಲ್ಲಿ ಇಡೀ ಬೀದಿ ಟಕಟಕ ಎನ್ನುತ್ತಿರುತ್ತದೆ. ದೊಡ್ಡಬಳ್ಳಾಪುರದ ನೇಕಾರರ ಬೀದಿಗಳಲ್ಲಿ ಓಡಾಡಿದವರಿಗೆ ಈ ಸದ್ದು ಗೊತ್ತು. ಹೊಸಬರು ಕಿವಿ ಮುಚ್ಚಿಕೊಳ್ಳುತ್ತಾರೆ. ನಾವು ಅದರಲ್ಲೇ ನಿದ್ದೆ ಮಾಡಿದವರು, ಅದರಲ್ಲೇ ಮಗ್ಗಿ ಬಾಯಿಪಾಠ ಮಾಡಿದವರು.

ಅಪ್ಪ ಎರಡು ವಿದ್ಯುತ್ ಮಗ್ಗ ಓಡಿಸುತ್ತಾರೆ. ಮಗ್ಗ ನಮ್ಮದಲ್ಲ, ಸೀರೆ ಲೆಕ್ಕದಲ್ಲಿ ಕೂಲಿ. ಅಮ್ಮ ಕಂಡಿಕೆ ಸುತ್ತುತ್ತಾರೆ. ಮಗ್ಗ ಓಡುವಾಗ ಒಳಗೆ ಮಾತು ಕೇಳಿಸುವುದಿಲ್ಲ. ಹಾಗಾಗಿ ಅಲ್ಲಿ ಎಲ್ಲವೂ ಕೈಸನ್ನೆಯಲ್ಲೇ. ಅಮ್ಮ ಬಾಗಿಲಲ್ಲಿ ನಿಂತು ಬೆರಳು ಬಾಯಿಯ ಹತ್ತಿರ ತಂದರೆ ಊಟಕ್ಕೆ ಬನ್ನಿ ಎಂದರ್ಥ. ಮೂವತ್ತು ವರ್ಷ ಹೀಗೇ ಕಳೆದು ಈಗ ಅಪ್ಪನ ಕಿವಿ ಸ್ವಲ್ಪ ಮಂದವಾಗಿದೆ. ಅವರು ಫೋನಿನಲ್ಲಿ ಮಾತಾಡಿದರೆ ಗುಟ್ಟು ಎಂಬುದೇ ಉಳಿಯುವುದಿಲ್ಲ, ಅರ್ಧ ಬೀದಿಗೆ ಕೇಳಿಸುತ್ತದೆ.

ಇನ್ನು ನನ್ನ ವಿಷಯ. ಬಿ.ಎ., ಬಿ.ಇಡಿ. ಮುಗಿಸಿ ಮೂರು ವರ್ಷವಾಯಿತು. ಸರ್ಕಾರಿ ಕೆಲಸಕ್ಕೆ ಓದುತ್ತಿರುವ ಲಕ್ಷಾಂತರ ಜನರಲ್ಲಿ ನಾನೂ ಒಬ್ಬಳು. ಅಧಿಸೂಚನೆ, ಅರ್ಜಿ, ಹಾಲ್ ಟಿಕೆಟ್, ಕೀ ಉತ್ತರ, ಕಟ್ ಆಫ್, ಮತ್ತೆ ಅಧಿಸೂಚನೆ. ಈ ಚಕ್ರದಲ್ಲಿರುವವರಿಗೆ ಇದಕ್ಕಿಂತ ಹೆಚ್ಚು ವಿವರಿಸಬೇಕಿಲ್ಲ.

ಕೆಲಸ ಸಿಕ್ಕಿದ ಮೇಲೆ...

ನನ್ನ ಪ್ರಚಲಿತ ವಿದ್ಯಮಾನಗಳ ನೋಟ್‌ಬುಕ್ಕಿನ ಕೊನೆಯ ಪುಟದಲ್ಲಿ ಒಂದು ಪಟ್ಟಿ ಇತ್ತು. ಮೇಲೆ ‘ಕೆಲಸ ಸಿಕ್ಕಿದ ಮೇಲೆ’ ಎಂದು ಬರೆದು ಎರಡು ಗೆರೆ ಎಳೆದಿದ್ದೆ. ಘಾಟಿ ಜಾತ್ರೆಗೆ ಹೋಗುವುದು. ಗೆಳತಿಯರ ಜೊತೆ ಮಾಕಳಿ ದುರ್ಗ ಹತ್ತುವುದು. ಒಂದು ದಿನ ಪೂರ್ತಿ ಕಾದಂಬರಿ ಓದುವುದು. ಚಿಕ್ಕಮ್ಮನ ಮನೆಗೆ ಹೋಗಿ ಎರಡು ದಿನ ಇರುವುದು. ಮೊದಮೊದಲು ಇದು ಚಂದದ ಪಟ್ಟಿಯೇ ಆಗಿತ್ತು. ಓದಲು ಹುರುಪು ಕೊಡುತ್ತಿತ್ತು. ಮೂರನೇ ವರ್ಷಕ್ಕೆ ಬರುವ ಹೊತ್ತಿಗೆ ಆ ಪಟ್ಟಿಯಲ್ಲಿ ಹೊಸ ಹುಡುಗಿಯೊಬ್ಬಳು ನೋಡಿದರೆ ನಗುವಂಥ ವಿಷಯಗಳೆಲ್ಲ ಸೇರಿಕೊಂಡಿದ್ದವು. ‘ಅಮ್ಮನ ಜೊತೆ ಅವರೆಕಾಯಿ ಬಿಡಿಸುವುದು’ ಎಂದೂ ಬರೆದಿದ್ದೆ! ನಮ್ಮದೇ ಅಡುಗೆಮನೆಯಲ್ಲಿ, ಐದು ಹೆಜ್ಜೆ ದೂರದಲ್ಲಿ ನಡೆಯುವ ಕೆಲಸಕ್ಕೂ ನನಗೆ ನೇಮಕಾತಿ ಆದೇಶ ಬೇಕಿತ್ತು.

ಯಾರೂ ನನ್ನನ್ನು ಕಟ್ಟಿಹಾಕಿರಲಿಲ್ಲ. ನಾನೇ ಹಾಕಿಕೊಂಡ ಶಿಕ್ಷೆ ಅದು. ಅಪ್ಪ ಅಷ್ಟು ಹೊತ್ತು ನಿಂತು ದುಡಿಯುವಾಗ ನಾನು ನಗುತ್ತಾ ಕೂತರೆ ಅನ್ಯಾಯ ಎನಿಸುತ್ತಿತ್ತು. ಹಾಡು ಕೇಳಿದರೆ ತಪ್ಪು, ಮದುವೆಗೆ ಹೋದರೆ ತಪ್ಪು, ಮಧ್ಯಾಹ್ನ ಅರ್ಧ ಗಂಟೆ ಮಲಗಿದರೆ ಇನ್ನೂ ದೊಡ್ಡ ತಪ್ಪು. ಹಾಗೆಂದು ಆ ಸಮಯವೆಲ್ಲ ಓದಿನಲ್ಲಿ ಹೋಯಿತಾ? ಇಲ್ಲ. ಪುಸ್ತಕ ತೆರೆದುಕೊಂಡು ಅದೇ ಪುಟವನ್ನು ನೋಡುತ್ತಿದ್ದೆ, ಇಲ್ಲವೇ ಮೊಬೈಲಿನಲ್ಲಿ ಬೇರೆಯವರ ಆಯ್ಕೆ ಪಟ್ಟಿಯನ್ನು ನೋಡುತ್ತಿದ್ದೆ.

ಕಳೆದ ನವೆಂಬರಿನಲ್ಲಿ ಒಂದು ಪರೀಕ್ಷೆಯ ಫಲಿತಾಂಶ ಬಂತು. ಒಂದೂವರೆ ಅಂಕದಲ್ಲಿ ನನ್ನ ಹೆಸರು ಹೋಗಿತ್ತು. ಮೂರು ಸಲ ನೋಡಿದೆ. ನಾಲ್ಕನೆಯ ಸಲ ಪಟ್ಟಿಯ ಕೆಳಗಿನಿಂದ ಮೇಲಕ್ಕೆ ನೋಡಿದೆ, ಏನೋ ಬದಲಾಗಬಹುದು ಎಂಬಂತೆ. ಆಮೇಲೆ ಕೋಣೆಯ ಬಾಗಿಲು ಹಾಕಿಕೊಂಡು ಗೋಡೆಗೆ ಒರಗಿ ಕೂತೆ. ಆಚೆ ಮಗ್ಗ ಓಡುತ್ತಲೇ ಇತ್ತು. ಅಳುವುದಕ್ಕೆ ನಮ್ಮ ಬೀದಿ ಅನುಕೂಲ, ಯಾರಿಗೂ ಕೇಳಿಸುವುದಿಲ್ಲ.

ಅಷ್ಟರಲ್ಲಿ ಕರೆಂಟ್ ಹೋಯಿತು.

ಜಗುಲಿಯ ಆಟ

ನೇಕಾರರ ಬೀದಿಯಲ್ಲಿ ಕರೆಂಟ್ ಹೋಗುವುದೆಂದರೆ ದೀಪ ಆರುವುದಷ್ಟೇ ಅಲ್ಲ. ಒಂದೇ ಏಟಿಗೆ ಎಲ್ಲ ಮಗ್ಗಗಳೂ ನಿಂತು, ಇದ್ದಕ್ಕಿದ್ದಂತೆ ಹಕ್ಕಿ, ನಾಯಿ, ಯಾರದೋ ಮನೆಯ ಒಗ್ಗರಣೆ ಎಲ್ಲವೂ ಕೇಳಿಸತೊಡಗುತ್ತವೆ. ನನ್ನ ಬಿಕ್ಕಳಿಕೆಯೂ ಕೇಳಿಸಿರಬೇಕು. ಬಾಗಿಲು ತಟ್ಟಿದ ಅಪ್ಪ ಫಲಿತಾಂಶದ ಬಗ್ಗೆ ಒಂದು ಮಾತೂ ಕೇಳಲಿಲ್ಲ. “ಟ್ರಾನ್ಸ್‌ಫಾರ್ಮರ್ ಹೋಗಿದೆಯಂತೆ, ಬೇಗ ಬರಲ್ಲ. ಫ್ಲಾಸ್ಕ್ ತಗೊಂಡ್ ಹೋಗಿ ಟೀ ತಗೊಂಡ್ ಬಾರಮ್ಮ” ಎಂದು ಎಂದಿನಂತೆ ಜೋರಾಗಿ ಹೇಳಿದರು. ಮುಖ ತೊಳೆದುಕೊಂಡು ಹೋದೆ.

ವಾಪಸು ಬರುವಷ್ಟರಲ್ಲಿ ನಮ್ಮ ಜಗುಲಿಯಲ್ಲಿ ಆರೇಳು ಜನ ಸೇರಿದ್ದರು. ಜಗುಲಿಯ ಕಲ್ಲಿನ ಮೇಲೆ ಯಾವ ಕಾಲದಲ್ಲೋ ಕೊರೆದ ಚೌಕಾಬಾರದ ಮನೆಗಳಿವೆ. ಎದುರು ಮನೆಯ ಅಜ್ಜ ಸೊಂಟದಿಂದ ಕವಡೆ ತೆಗೆದರು. ಕಾಯಿಗಳಿಗೆ ಹುಣಸೆಬೀಜ, ಮುರಿದ ಬಳೆಚೂರು, ಬೆಣಚುಕಲ್ಲು. ಅಮ್ಮ ಬೇಯಿಸಿದ ಕಡಲೆಕಾಯಿ ತಂದಿಟ್ಟರು. ಮಸುಕು ಬೆಳಕಿನಲ್ಲಿ ಅಪ್ಪ ಕಣ್ಣು ಕಿರಿದು ಮಾಡಿಕೊಂಡು ಕವಡೆ ಹಾಕುತ್ತಿದ್ದರು. ನಾಲ್ಕು ಬಿದ್ದರೆ “ಚೌಕಾ!” ಎಂದು ಕೂಗುತ್ತಿದ್ದರು. ಮೂರು ಬಿದ್ದಾಗಲೂ ಒಂದು ಸಲ ಕೂಗಿ ಸಿಕ್ಕಿಬಿದ್ದರು. ಅಜ್ಜ ಸಿಟ್ಟಾದರು. “ನಂಗೆ ಕಿವಿ ಮಂದ ಆದ್ರೆ ನಿಂಗೆ ಕಣ್ಣು ಮಂದ ಕಣಯ್ಯ” ಎಂದು ಅಜ್ಜ ರೇಗಿದ್ದಕ್ಕೆ ಅಪ್ಪ “ನಂಗೆ ಕಿವೀನೇ ಮಂದ, ಕಣ್ಣು ನಿಂಗೇ ಬಿಟ್ಟಿದೀನಿ” ಎಂದರು. ಎಲ್ಲರೂ ನಕ್ಕರು. ನಾನೂ ನಕ್ಕೆ. ನಕ್ಕ ಮೇಲೆ ಹೊಳೆಯಿತು, ಹೀಗೆ ಹೊಟ್ಟೆಯಿಂದ ನಕ್ಕು ಎಷ್ಟು ತಿಂಗಳಾಯಿತೋ ಎಂದು.

ಮುಕ್ಕಾಲು ಗಂಟೆಯ ಮೇಲೆ ಕರೆಂಟ್ ಬಂತು. ಎಲ್ಲರೂ ಎದ್ದರು. “ಕಾಯಿ ಯಾರೂ ಮುಟ್ಬೇಡಿ, ಹಂಗೇ ಇರ್ಲಿ” ಎಂದು ಅಪ್ಪ ಒಂದು ಮೊರ ಕವುಚಿ ಮುಚ್ಚಿ ಒಳಗೆ ಹೋದರು.

ರಾತ್ರಿ ಊಟಕ್ಕೆ ಕೂತಾಗ ಕೇಳಿದೆ: “ಅಪ್ಪಾ, ಕರೆಂಟ್ ಇಲ್ಲದಷ್ಟು ಹೊತ್ತು ಸೀರೆ ಮುಂದಕ್ಕೆ ಹೋಗಲ್ಲ, ಕೂಲಿ ಹೋಗತ್ತೆ. ನೀನು ನೋಡಿದರೆ ಹಬ್ಬ ಮಾಡ್ತೀಯಲ್ಲ?”

ಮುದ್ದೆ ಮುರಿಯುತ್ತಾ ಅವರು ಹೇಳಿದ್ದು ಇಷ್ಟೇ: “ಕೂಲಿ ಹೆಂಗೂ ಹೋಯ್ತಲ್ಲಮ್ಮ. ಅದರ ಜೊತೆ ಸಂಜೇನೂ ಯಾಕೆ ಕಳ್ಕೋಬೇಕು?”

ಲಾಟರಿ ಗೆದ್ದವರ ಕಥೆ

ಅಪ್ಪನ ಮಾತು ತಲೆಯಲ್ಲಿ ಉಳಿಯಿತು. ಕೆಲವು ವಾರಗಳ ನಂತರ ಮನೋವಿಜ್ಞಾನದ ಪುಸ್ತಕದಲ್ಲಿ ಒಂದು ಅಧ್ಯಯನದ ವಿವರ ಸಿಕ್ಕಿತು. 1978ರಲ್ಲಿ ಫಿಲಿಪ್ ಬ್ರಿಕ್‌ಮನ್ ಮತ್ತು ಸಂಗಡಿಗರು ಅಮೆರಿಕದ ಇಲಿನಾಯ್ ರಾಜ್ಯದಲ್ಲಿ ಲಾಟರಿ ಗೆದ್ದ 22 ಜನರನ್ನು, ಗೆಲ್ಲದ 22 ಜನರ ಜೊತೆ ಹೋಲಿಸಿದ್ದರು. ಗೆದ್ದವರು ಉಳಿದವರಿಗಿಂತ ಹೇಳಿಕೊಳ್ಳುವಷ್ಟು ಸುಖವಾಗಿರಲಿಲ್ಲ. ನನ್ನನ್ನು ಹಿಡಿದು ನಿಲ್ಲಿಸಿದ್ದು ಇನ್ನೊಂದು ಸಂಗತಿ. ಗೆಳೆಯರ ಜೊತೆ ಹರಟುವುದು, ಬೆಳಗಿನ ತಿಂಡಿ ತಿನ್ನುವುದು, ಒಂದು ಜೋಕ್ ಕೇಳುವುದು, ಇಂಥ ದಿನನಿತ್ಯದ ವಿಷಯಗಳಲ್ಲಿ ಗೆದ್ದವರಿಗೆ ಉಳಿದವರಿಗಿಂತ ಕಡಿಮೆ ಸಂತೋಷ ಸಿಗುತ್ತಿತ್ತು.

44 ಜನರ ಸಣ್ಣ ಹೋಲಿಕೆ ಅದು, ಅದರಿಂದ ಇಡೀ ಲೋಕದ ಬಗ್ಗೆ ತೀರ್ಪು ಕೊಡಲಾಗದು. ಆದರೆ ನನಗೆ ಬೇಕಾದ ಪ್ರಶ್ನೆ ಅದರಲ್ಲಿತ್ತು. ನಾಳೆ ನನಗೂ ನೇಮಕಾತಿ ಆದೇಶ ಬರುತ್ತದೆ ಎಂದುಕೊಳ್ಳೋಣ. ಆ ಕೆಲಸಕ್ಕೆ ಹೋಗುವವಳು ಯಾರು? ಇದೇ ನಾನು. ಮೂರ್ನಾಲ್ಕು ವರ್ಷ ನಗುವುದನ್ನು, ರುಚಿ ನೋಡುವುದನ್ನು ಮುಂದೂಡಿದವಳಿಗೆ ಮೊದಲ ಸಂಬಳದ ದಿನ ಅದೆಲ್ಲ ತಾನಾಗಿ ನೆನಪಾಗುತ್ತದೆಯೇ? ಖುಷಿಪಡುವುದೂ ಒಂದು ರೂಢಿ. ಟೈಪಿಂಗ್ ಇದ್ದ ಹಾಗೆ, ಬಿಟ್ಟರೆ ಬೆರಳು ಮರೆಯುತ್ತದೆ.

ಅವರೆಕಾಯಿ, ಎತ್ತು, ಕನ್ನಡಿ

ಡಿಸೆಂಬರ್ ಬಂತು, ಅವರೆಕಾಯಿ ಕಾಲ. ಪಟ್ಟಿಯಿಂದ ಮೊದಲು ಅದನ್ನೇ ತೆಗೆದೆ. ಸಂಜೆ ಕಾಳು ನೆನೆಹಾಕಿ, ಮಾರನೇ ದಿನ ಅಮ್ಮನ ಜೊತೆ ಹಿತಕಲು ಕೂತೆ. ನೆಂದ ಕಾಳನ್ನು ಎರಡು ಬೆರಳ ನಡುವೆ ಹಿಡಿದು ಒತ್ತಿದರೆ ಬೇಳೆ ಚಿಮ್ಮಿ ಪಾತ್ರೆಗೆ ಬೀಳುತ್ತದೆ, ಸಿಪ್ಪೆ ಬೆರಳಲ್ಲೇ ಉಳಿಯುತ್ತದೆ. ಗುರಿ ತಪ್ಪಿದರೆ ಬೇಳೆ ಗೂಡಿನ ಮೇಲೆ! ಒಂದು ಗಂಟೆ ಕೂತಿದ್ದಕ್ಕೆ ಅಮ್ಮ ತಮ್ಮ ಹುಡುಗಾಟದ ಕಾಲದ ಮೂರು ಕಥೆ ಹೇಳಿದರು. ಅದರಲ್ಲಿ ಎರಡು ನನಗೆ ಗೊತ್ತೇ ಇರಲಿಲ್ಲ. ಮಧ್ಯಾಹ್ನ ಹಿತಕಿದ ಬೇಳೆ ಸಾರು, ಮುದ್ದೆ. ಕೈ ತೊಳೆದ ಮೇಲೂ ಉಳಿಯುವ ಅವರೆಯ ಸೊಗಡು ಸಂಜೆ ಪುಸ್ತಕದ ಹಾಳೆಗೂ ಹತ್ತಿತ್ತು. ಅಂದು ಓದಿದ್ದು ಇಂದಿಗೂ ಮರೆತಿಲ್ಲ.

ಆಮೇಲೆ ಘಾಟಿ ಸುಬ್ರಹ್ಮಣ್ಯದ ದನಗಳ ಜಾತ್ರೆಗೆ ಅಪ್ಪನ ಜೊತೆ ಬಸ್ಸು ಹತ್ತಿದೆ. ನಮಗೆ ಒಂದು ಕರುವೂ ಇಲ್ಲ. ಆದರೂ ಅಪ್ಪ ಹಳ್ಳಿಕಾರ್ ಎತ್ತಿನ ಜೋಡಿಗಳ ಮುಂದೆ ನಿಂತು ಕೊಂಬು, ಗೊರಸು, ಹಲ್ಲು ನೋಡಿ, ನಾಳೆಯೇ ಉಳುವವರ ಹಾಗೆ ಬೆಲೆ ವಿಚಾರಿಸುತ್ತಿದ್ದರು. ಟವೆಲ್ಲಿನ ಕೆಳಗೆ ಬೆರಳು ಹಿಡಿದು ವ್ಯಾಪಾರ ಮಾಡುವವರನ್ನು ಕಂಡು ಪಕ್ಕದಲ್ಲೇ ನಿಂತುಬಿಟ್ಟರು. ಮಗ್ಗದ ಮನೆಯಲ್ಲಿ ಸನ್ನೆಯಲ್ಲೇ ಬದುಕಿದವರಿಗೆ ಈ ಸದ್ದಿಲ್ಲದ ವ್ಯಾಪಾರ ಎಷ್ಟು ಹಿಡಿಸಿತೆಂದರೆ, ಮನೆಗೆ ಬಂದ ಮೇಲೆ ಅಮ್ಮನ ಕೈಗೂ ಟವೆಲ್ ಮುಚ್ಚಿ “ಹೇಳು ನೋಡೋಣ, ಎಷ್ಟು?” ಎಂದು ಪೀಡಿಸಿದರು.

ಘಾಟಿಯ ದೇವಸ್ಥಾನಕ್ಕೆ ಹೋದವರಿಗೆ ಗೊತ್ತಿರುತ್ತದೆ. ಒಂದೇ ಶಿಲೆಯಲ್ಲಿ ಪೂರ್ವಕ್ಕೆ ಮುಖ ಮಾಡಿದ ಸುಬ್ರಹ್ಮಣ್ಯ, ಪಶ್ಚಿಮಕ್ಕೆ ಮುಖ ಮಾಡಿದ ನರಸಿಂಹ. ಹಿಂದಿನ ನರಸಿಂಹನನ್ನು ಕಾಣಲೆಂದು ಕನ್ನಡಿ ಇಟ್ಟಿದ್ದಾರೆ. ಚಿಕ್ಕಂದಿನಿಂದ ಎಷ್ಟೋ ಸಲ ನೋಡಿದ್ದರೂ ಅಂದು ಸಾಲಿನಲ್ಲಿ ನಿಂತಾಗ ಅನಿಸಿತು: ನನ್ನ ದಿನಕ್ಕೂ ಇನ್ನೊಂದು ಮುಖ ಇದೆ, ಕಟ್ ಆಫ್ ಅನ್ನೇ ದಿಟ್ಟಿಸುತ್ತಾ ನಿಂತರೆ ಅದು ಕಾಣುವುದಿಲ್ಲ. ಈಗ ಮಲಗುವ ಮುಂಚೆ ಅದೇ ನೋಟ್‌ಬುಕ್ಕಿನ ಕೊನೆಯ ಪುಟದಲ್ಲಿ ಆ ದಿನ ಇಷ್ಟವಾದ ಒಂದೇ ಒಂದು ಸಂಗತಿ ಬರೆಯುತ್ತೇನೆ. ‘ಗೌರಿಬಿದನೂರಿಗೆ ಹೋಗುವಾಗ ರೈಲಿನ ಕಿಟಕಿಯಿಂದ ಮಾಕಳಿ ದುರ್ಗದ ಬೆಟ್ಟ ಪೂರ್ತಿ ನೋಡಿದೆ.’ ‘ಚಕ್ಕೋತದ ತೊಳೆ, ಉಪ್ಪು ಖಾರ.’ ‘ಅಮ್ಮ ನನ್ನ ಹಳೇ ದುಪಟ್ಟಾ ಹೊದ್ದು ಮಲಗಿದ್ದರು.’ ಅಷ್ಟೇ.

ಖುಷಿ ಬೇರೆ, ಹಕ್ಕು ಬೇರೆ

ಒಂದು ಮಾತು ಸ್ಪಷ್ಟವಾಗಿ ಹೇಳಬೇಕು. ಇರುವುದರಲ್ಲೇ ಖುಷಿಯಾಗಿರಿ, ಕೆಲಸ ಯಾಕೆ ಎಂದು ನಾನು ಹೇಳುತ್ತಿಲ್ಲ. 2020ರ ಲಾಕ್‌ಡೌನ್‌ನಲ್ಲಿ ನಮ್ಮ ಬೀದಿಯ ಮಗ್ಗಗಳು ನಿಂತಾಗಲೂ ಇದೇ ನಿಶ್ಶಬ್ದ ಇತ್ತು. ಆಗ ಯಾರೂ ಕವಡೆ ತೆಗೆಯಲಿಲ್ಲ. ಅಕ್ಕಿ ಡಬ್ಬದ ತಳ ಕಾಣುತ್ತಿರುವಾಗ ಹಕ್ಕಿಯ ಕೂಗು ಇಂಪಾಗಿ ಕೇಳಿಸುವುದಿಲ್ಲ. ಮುಕ್ಕಾಲು ಗಂಟೆಯ ಮೌನ ಹಿತವಾಗುವುದು ಆಮೇಲೆ ಮಗ್ಗ ಮತ್ತೆ ಓಡುತ್ತದೆ ಎಂಬ ನಂಬಿಕೆ ಇದ್ದಾಗ ಮಾತ್ರ. ಆದ್ದರಿಂದ ನೇಮಕಾತಿ ತಡವಾದರೆ ಕೇಳಲೇಬೇಕು, ಕೂಲಿ ಸಾಲದಿದ್ದರೆ ಕೇಳಲೇಬೇಕು. ಸಣ್ಣ ಖುಷಿಗಳು ಬಾಯಿ ಮುಚ್ಚಿಸುವ ಬೆಲ್ಲ ಆಗಬಾರದು. ಆದರೆ ಕೇಳುವುದಕ್ಕೂ, ಮತ್ತೆ ಓದುವುದಕ್ಕೂ, ಮತ್ತೊಮ್ಮೆ ಹಾಲ್ ಟಿಕೆಟ್ ಹಿಡಿದು ಹೋಗುವುದಕ್ಕೂ ಮೈಯಲ್ಲಿ ಜೀವ ಇರಬೇಕಲ್ಲ? ನನಗೆ ಆ ಜೀವ ಬಂದದ್ದು ಇವುಗಳಿಂದ.

ನಿಮ್ಮ ನೋಟ್‌ಬುಕ್ಕಿನಲ್ಲೂ ‘ಕೆಲಸ ಸಿಕ್ಕಿದ ಮೇಲೆ’ ಎಂಬ ಪಟ್ಟಿ ಇರಬಹುದು. ಮೊದಲ ಸಂಬಳದಲ್ಲಿ ಅಮ್ಮನಿಗೆ ಸೀರೆ, ಅಪ್ಪನಿಗೆ ಕಿವಿಯ ಯಂತ್ರ, ಇಂಥವಕ್ಕೆ ದುಡ್ಡು ಬೇಕು, ಅವು ಅಲ್ಲೇ ಇರಲಿ. ನನ್ನ ಪಟ್ಟಿಯಲ್ಲೂ ಇವೆ. ಆದರೆ ದುಡ್ಡು ಬೇಡದವು, ಅರ್ಧ ಗಂಟೆ ಸಾಕಾಗುವವು ಅದರಲ್ಲಿ ಎಷ್ಟಿವೆ ನೋಡಿ. ಒಂದನ್ನು ಈ ವಾರವೇ ಹೊಡೆದುಹಾಕಿ.

ನನಗೆ ಇನ್ನೂ ಕೆಲಸ ಸಿಕ್ಕಿಲ್ಲ. ಬೆಳಿಗ್ಗೆ ಮಗ್ಗದ ಸದ್ದಿಗೆ ಏಳುತ್ತೇನೆ, ಓದುತ್ತೇನೆ, ಸಂಜೆ ಬೀದಿಯ ಮಕ್ಕಳಿಗೆ ಟ್ಯೂಷನ್ ಹೇಳುತ್ತೇನೆ. ಮುಂದಿನ ಪರೀಕ್ಷೆಗೆ ಅರ್ಜಿ ಹಾಕಿದ್ದೇನೆ. ಮೊನ್ನೆ ಸಂಜೆ ಮತ್ತೆ ಕರೆಂಟ್ ಹೋಯಿತು. ಈ ಸಲ ಅಪ್ಪ ಕರೆಯುವ ಮೊದಲೇ ನಾನು ಫ್ಲಾಸ್ಕ್ ಹಿಡಿದು ನಿಂತಿದ್ದೆ. ಆಟದಲ್ಲಿ ಅಪ್ಪನ ಮೂರು ಕಾಯಿ ಹಣ್ಣಾಗಿದ್ದವು, ಒಂದು ಬಾಕಿ ಇತ್ತು. ಅಷ್ಟರಲ್ಲಿ ಕರೆಂಟ್ ಬಂದುಬಿಟ್ಟಿತು. ಕಾಯಿಗಳು ಈಗಲೂ ಮೊರದ ಕೆಳಗೆ ಹಾಗೇ ಇವೆ. ಯಾರೂ ಮುಟ್ಟಿಲ್ಲ.