ಸುತ್ತಿಗೆ ಏಟಿನ ಬೆಳ್ಳಿ

ನಾಣ್ಯ ಅಂದ ತಕ್ಷಣ ನಮಗೆ ನೆನಪಾಗೋದು ಒಂದೇ ಅಳತೆಯ, ಅಂಚು ನೀಟಾಗಿರೋ ಬಿಲ್ಲೆ. ಆದರೆ 16ನೇ ಶತಮಾನದ ಸ್ಕಾಟ್ಲೆಂಡಿನ ಎರಡು ಬೆಳ್ಳಿ ನಾಣ್ಯಗಳನ್ನು ಪಕ್ಕಪಕ್ಕ ಇಟ್ಟರೆ ಒಂದರಂತೆ ಇನ್ನೊಂದು ಇರಲ್ಲ. ಯಾಕೆ ಅಂತ ನೋಡೋಣ.

ಮೊದಲು ಬೆಳ್ಳಿಯನ್ನು ಕರಗಿಸಿ ಎರಕ ಹೊಯ್ದು, ಬಡಿದು ತೆಳು ಮಾಡಿ, ಕತ್ತರಿಯಿಂದ ದುಂಡಗೆ ಕತ್ತರಿಸುತ್ತಿದ್ದರು. ಬಡಿದಷ್ಟೂ ಬೆಳ್ಳಿ ಗಡುಸಾಗುತ್ತೆ; ನಾವು ಓದೋ ವರ್ಕ್ ಹಾರ್ಡನಿಂಗ್ ಇದೇ. ಅದಕ್ಕೇ ಕಾಯಿಸಿ ಮತ್ತೆ ಮೆತ್ತಗೆ ಮಾಡಬೇಕಿತ್ತು, ಅಂದ್ರೆ ಅನೀಲಿಂಗ್. ಕೆಳಗಿನ ಅಚ್ಚನ್ನು ಮರದ ದಿಮ್ಮಿಗೆ ಬಿಗಿದು, ಅದರ ಮೇಲೆ ಬಿಲ್ಲೆ ಇಟ್ಟು, ಬಿಲ್ಲೆ ಮೇಲೆ ಇನ್ನೊಂದು ಅಚ್ಚು ಹಿಡಿದು ಸುತ್ತಿಗೆಯಿಂದ ಹೊಡೆದರೆ ನಾಣ್ಯ ರೆಡಿ. ಬಿಲ್ಲೆಯನ್ನು ಸುತ್ತ ಹಿಡಿದಿಡೋ ಬಳೆ ಇಲ್ಲದ ಕಾರಣ ಲೋಹ ದಾರಿ ಸಿಕ್ಕ ಕಡೆ ಹರಡುತ್ತಿತ್ತು. ಕೈ ಸ್ವಲ್ಪ ಜಾರಿದರೂ ಚಿತ್ರ ಒಂದು ಬದಿಗೆ! ಏಟನ್ನು ನೇರವಾಗಿ ತಿನ್ನುತ್ತಿದ್ದ ಮೇಲಿನ ಅಚ್ಚು ಬೇಗ ಸವೆಯುತ್ತಿತ್ತು.

ಅಂಚು ಸಮ ಇಲ್ಲದ್ದರಿಂದ ಕಳ್ಳರಿಗೆ ಹಬ್ಬ. ಅಂಚಿನಿಂದ ಚೂರು ಕತ್ತರಿಸಿಕೊಂಡರೆ ಸುಲಭಕ್ಕೆ ಗೊತ್ತಾಗುತ್ತಿರಲಿಲ್ಲ. ಹಾಗಾಗಿ ತಕ್ಕಡಿಯನ್ನೇ ನಂಬಬೇಕು.

ಆದರೆ ಜನರಿಗೆ ದೊಡ್ಡ ಹೊಡೆತ ಬಿದ್ದದ್ದು ಕಳ್ಳರಿಂದಲ್ಲ. 1567ರಲ್ಲಿ ಆರನೇ ಜೇಮ್ಸ್ ಪಟ್ಟಕ್ಕೆ ಬಂದಾಗ ಅವನಿಗೆ ಬರೀ ಒಂದು ವರ್ಷ. ರಾಜ್ಯ ನಡೆಸಿದವರು ಬೇರೆಯವರು. ಅವನ ಹೆಸರಿನ 30 ಶಿಲಿಂಗ್ ನಾಣ್ಯದ ಮೇಲೆ ನೇರ ನಿಂತ ಕತ್ತಿ ಇದೆ. ಈ ಕತ್ತಿ ನನ್ನ ಪರವಾಗಿರಲಿ, ನಾನು ತಪ್ಪಿದರೆ ನನ್ನ ಮೇಲೇ ಬೀಳಲಿ ಅನ್ನೋ ಅರ್ಥದ ಲ್ಯಾಟಿನ್ ಬರಹವೂ ಇದೆ. ತೂಕ ಸುಮಾರು 30.5 ಗ್ರಾಂ, ಅಂದ್ರೆ ಶಿಲಿಂಗಿಗೆ ಒಂದು ಗ್ರಾಂ. 1578ರಲ್ಲಿ ಅದೇ ನಾಣ್ಯಕ್ಕೆ ಕಿರೀಟ ಹೊತ್ತ ಥಿಸಲ್ ಮುಳ್ಳುಗಿಡದ ಸಣ್ಣ ಮುದ್ರೆ ಒತ್ತಿ, ಬೆಲೆ 36 ಶಿಲಿಂಗ್ 9 ಪೆನ್ನಿ ಅಂದರು. ಬೆಳ್ಳಿ ಒಂದು ಚೂರೂ ಹೆಚ್ಚಿಲ್ಲ, ಲೆಕ್ಕ ಮಾತ್ರ ಬದಲಾಯ್ತು. 1601ರಲ್ಲಿ ಶುರುವಾದ ಥಿಸಲ್ ಮೆರ್ಕ್ ನಾಣ್ಯದ ಬೆಲೆ 13 ಶಿಲಿಂಗ್ 4 ಪೆನ್ನಿ, ತೂಕ ಸುಮಾರು 6.8 ಗ್ರಾಂ. ಭಾಗಿಸಿ ನೋಡಿ: ಶಿಲಿಂಗಿಗೆ ಅರ್ಧ ಗ್ರಾಂ! ಎರಡರಲ್ಲೂ ಬೆಳ್ಳಿಯ ಶುದ್ಧತೆ ಹೆಚ್ಚುಕಮ್ಮಿ ಒಂದೇ. ಅಂದರೆ 1567ರಲ್ಲಿ ಶಿಲಿಂಗ್ ಲೆಕ್ಕದಲ್ಲಿ ಸಾಲ ಕೊಟ್ಟು 1601ರಲ್ಲಿ ಅಷ್ಟೇ ಶಿಲಿಂಗ್ ವಾಪಸ್ ಪಡೆದವನ ಕೈಗೆ ಬಂದದ್ದು ಅರ್ಧ ಬೆಳ್ಳಿ. ಸಾಲ ತೀರಿಸಿದವನಿಗೆ ಅಷ್ಟೇ ಲಾಭ.

1630ರ ದಶಕದಲ್ಲಿ ಫ್ರಾನ್ಸಿನ ನಿಕೊಲಾಸ್ ಬ್ರಿಯೊ ಎಡಿನ್‌ಬರೊ ಟಂಕಸಾಲೆಗೆ ಯಂತ್ರ ತಂದ. ನಾಣ್ಯಗಳು ದುಂಡಗಾದವು, ಕತ್ತರಿಸಿದರೆ ಕಣ್ಣಿಗೆ ಬೀಳುವಂತಾಯ್ತು. ಕಳ್ಳನ ಕತ್ತರಿಗೆ ಎಂಜಿನಿಯರಿಂಗ್‌ನಲ್ಲಿ ಉತ್ತರ ಸಿಕ್ಕಿತು. ಆದರೆ ಒಂದು ಶಿಲಿಂಗಿಗೆ ಎಷ್ಟು ಬೆಳ್ಳಿ ಅನ್ನೋದನ್ನು ಯಂತ್ರ ನಿರ್ಧರಿಸಲ್ಲ, ಅಲ್ವಾ?