ಕೆಂಪು ಪಟ್ಟಿಯ ಹಿಂದಿನ ಸಂದಿ

ಮಲ್ಲೇಶ್ವರಂ ಹದಿನೈದನೇ ಕ್ರಾಸಿನ ನಿವೃತ್ತ ಮೇಷ್ಟ್ರೊಬ್ಬರ ಲ್ಯಾಪ್‌ಟಾಪಿನಲ್ಲಿ ಸಿ ಡ್ರೈವ್ ಪಟ್ಟಿ ಕೆಂಪಾಗಿತ್ತು. 128 ಜಿಬಿ ಅಂತ ಕೊಂಡದ್ದು, ತೋರಿಸುತ್ತಿದ್ದದ್ದು 119. ಅದರಲ್ಲಿ ಮೋಸವೇನಿಲ್ಲ: ತಯಾರಕರು ಸಾವಿರದ ಲೆಕ್ಕದಲ್ಲಿ ಎಣಿಸುತ್ತಾರೆ, ವಿಂಡೋಸ್ 1024ರ ಲೆಕ್ಕದಲ್ಲಿ. ಜಾಗಕ್ಕಾಗಿ ಅವರು ಕಡಲೆಕಾಯಿ ಪರಿಷೆಯ ಫೋಟೋಗಳನ್ನೇ ಅಳಿಸಲು ಹೊರಟಿದ್ದರು.

"ತಡೀರಿ ಮೇಷ್ಟ್ರೇ, ಮೊದಲು ಹಿಂದಿನ ಸಂದಿ ನೋಡೋಣ" ಎಂದೆ.

1898ರ ಪ್ಲೇಗಿನ ನಂತರ ಬೆಳೆದ ಈ ಬಡಾವಣೆಯಲ್ಲಿ ಮನೆಗಳ ಬೆನ್ನಿಗೆ ಕನ್ಸರ್ವೆನ್ಸಿ ಲೇನ್‌ಗಳಿವೆ. ಮುಂಬಾಗಿಲಲ್ಲಿ ನಿಂತವರಿಗೆ ಅವು ಕಾಣುವುದಿಲ್ಲ. ಕಂಪ್ಯೂಟರಿಗೂ ಅಂಥ ಸಂದಿಯಿದೆ. ಸೆಟ್ಟಿಂಗ್ಸ್, ಸಿಸ್ಟಂ, ಸ್ಟೋರೇಜ್, ಟೆಂಪರರಿ ಫೈಲ್ಸ್ ಎಂದು ಒಳಹೊಕ್ಕರೆ ಅಪ್‌ಡೇಟಿನ ಉಳಿಕೆಗಳು, ರೀಸೈಕಲ್ ಬಿನ್ನಿನ ಸರಕು ಎಲ್ಲ ಕಾಣುತ್ತದೆ. ಡೌನ್‌ಲೋಡ್ಸ್ ಕೂಡ ಅದೇ ಪಟ್ಟಿಯಲ್ಲಿರುತ್ತದೆ. ಅದಕ್ಕೆ ಟಿಕ್ ಹಾಕುವ ಮುನ್ನ ದಯವಿಟ್ಟು ಒಮ್ಮೆ ತೆರೆದು ನೋಡಿ. ಪಿಂಚಣಿ ಕಾಗದ ಅಲ್ಲೇ ಇದ್ದೀತು.

ಅಳಿಸಿದ ಫೈಲ್ ಏನಾಗುತ್ತದೆ? ಹಳೆಯ ಹಾರ್ಡ್ ಡಿಸ್ಕಿನಲ್ಲಿ ಖಾತೆಯಷ್ಟೇ ರದ್ದಾಗುತ್ತದೆ, ಮನೆ ನಿಂತೇ ಇರುತ್ತದೆ. ಆ ನಿವೇಶನದಲ್ಲಿ ಬೇರೆಯವರು ಕಟ್ಟುವವರೆಗೆ ಹಳೆಯ ದತ್ತಾಂಶವನ್ನು ಮರಳಿ ಪಡೆಯಬಹುದು. ಡಿಸ್ಕ್ ಮಾರುವವರು ಇದನ್ನು ಮರೆಯಬಾರದು.

ಹಾರ್ಡ್ ಡಿಸ್ಕಿನ ಬದಲು ಬಂದಿರುವ ಎಸ್‌ಎಸ್‌ಡಿಯ ಕಥೆ ಇನ್ನೂ ಸ್ವಾರಸ್ಯ. ಅದರೊಳಗಿನ ಫ್ಲ್ಯಾಶ್ ಕೋಶಗಳು ವಠಾರದಂತೆ. ಬರೆಯುವುದು ಒಂದೊಂದು ಮನೆಗೆ, ಅಂದರೆ ಪೇಜಿಗೆ. ಕೆಡವುವುದು ಮಾತ್ರ ಇಡೀ ವಠಾರವನ್ನು, ಅಂದರೆ ಬ್ಲಾಕನ್ನು. ಒಂದೇ ಸಂಸಾರ ಉಳಿದಿದ್ದರೂ ಅದನ್ನು ಬೇರೆ ವಠಾರಕ್ಕೆ ಸಾಗಿಸಿದ ಮೇಲೇ ಕೆಡವಬೇಕು. ಯಾವ ಮನೆ ಖಾಲಿ ಎಂದು ಡ್ರೈವಿಗೆ ತಿಳಿಸುವ ಆಜ್ಞೆಗೆ ಟ್ರಿಮ್ ಎಂದು ಹೆಸರು. ಡ್ರೈವ್ ತುಂಬಿತುಳುಕಿದಾಗ ಸಾಗಿಸಲು ಬಿಡುವಿನ ಮನೆಗಳು ಕಡಿಮೆಯಾಗುತ್ತವೆ, ಪ್ರತಿ ಬರಹಕ್ಕೂ ಸಾಮಾನು ಎತ್ತಿಡುವ ಕೆಲಸ ಹೆಚ್ಚುತ್ತದೆ. ಲ್ಯಾಪ್‌ಟಾಪ್ ತೆವಳುವುದಕ್ಕೆ ಇದೂ ಒಂದು ಕಾರಣ. ಹಾಗಾಗಿ ಒಂದಿಷ್ಟು ಜಾಗ ಸದಾ ಖಾಲಿ ಬಿಡುವುದು ಒಳ್ಳೆಯದೆಂದು ನನ್ನ ಅಭಿಪ್ರಾಯ.

ಮೇಷ್ಟ್ರು ಹಿಂದಿನ ವಾರವಷ್ಟೇ ವಿಂಡೋಸಿನ ಹೊಸ ಆವೃತ್ತಿಗೆ ಬದಲಾಗಿದ್ದರು. ಬೇಡವೆನಿಸಿದರೆ ಮರಳಲೆಂದು ಹಳೆಯದು ಸಾಮಾನ್ಯವಾಗಿ 10 ದಿನ 'ವಿಂಡೋಸ್.ಓಲ್ಡ್' ಫೋಲ್ಡರಿನಲ್ಲಿ ಕೂತಿರುತ್ತದೆ. "ಹೊಸದೇ ಚೆನ್ನಾಗಿದೆಯಪ್ಪ, ತೆಗೆದುಬಿಡು" ಎಂದರು. ಅದೊಂದರಿಂದಲೇ 20 ಜಿಬಿ ಬಿಡುವಾಯಿತು. ಪರಿಷೆಯ ಅಷ್ಟೂ ಫೋಟೋ ಸೇರಿ 2 ಜಿಬಿಯೂ ಇರಲಿಲ್ಲ.