ವಿಷಯಕ್ಕೊಂದು ಬರವಣಿಗೆ: ಪದವಿ ವಿದ್ಯಾರ್ಥಿ ಅರಿಯಬೇಕಾದುದೇನು?

ಸಿಂಧನೂರು ತಾಲ್ಲೂಕಿನ ಗೊರೇಬಾಳದಂತಹ ಗ್ರಾಮಗಳಿಂದ, ಕನ್ನಡ ಮಾಧ್ಯಮದಲ್ಲಿ ಓದಿ ಪದವಿ ಕಾಲೇಜಿನ ಮೆಟ್ಟಿಲೇರುವ ವಿದ್ಯಾರ್ಥಿಗಳಿಗೆ ಪಠ್ಯಕ್ಕಿಂತ ಮೊದಲು ಎದುರಾಗುವ ತೊಡಕು ಬರವಣಿಗೆಯದು. ಪಿಯುಸಿವರೆಗೆ ನೋಟ್ಸ್ ಕಂಠಪಾಠ ಮಾಡಿ ಉತ್ತೀರ್ಣರಾದವರು ಇಲ್ಲಿ ಅಸೈನ್‌ಮೆಂಟ್, ಪ್ರಯೋಗ ದಾಖಲೆ, ಸೆಮಿನಾರ್ ಪ್ರಬಂಧ, ಯೋಜನಾ ವರದಿಗಳನ್ನು ಒಪ್ಪಿಸಬೇಕಾಗುತ್ತದೆ. ಪ್ರತಿ ವಿಷಯವೂ ತನ್ನದೇ ಆದ ಬರವಣಿಗೆಯ ಕ್ರಮವನ್ನು ನಿರೀಕ್ಷಿಸುತ್ತದೆ. ಆದರೆ ಆ ಕ್ರಮವನ್ನು ಪ್ರತ್ಯೇಕವಾಗಿ ಕಲಿಸುವುದು ವಿರಳ.

ಇತಿಹಾಸದ ಉತ್ತರಕ್ಕೆ ಆಧಾರವೇ ಜೀವಾಳ. ಮಸ್ಕಿಯ ಶಾಸನ ಪ್ರಸಿದ್ಧವಾದುದು ಎಂದಷ್ಟೇ ಬರೆದರೆ ಸಾಲದು. 1915ರಲ್ಲಿ ಚಿನ್ನದ ಗಣಿ ಎಂಜಿನಿಯರ್ ಸಿ. ಬೀಡನ್ ಬೆಳಕಿಗೆ ತಂದ ಈ ಶಾಸನದಲ್ಲಿ ಅಶೋಕನ ಹೆಸರೇ ಇದ್ದುದರಿಂದ, ‘ದೇವಾನಾಂಪ್ರಿಯ’ ಎಂಬ ಬಿರುದು ಆತನದೆಂಬುದು ದೃಢಪಟ್ಟಿತು. ಹೀಗೆ ಆಧಾರದಿಂದ ತೀರ್ಮಾನಕ್ಕೆ ಸಾಗುವುದೇ ಇತಿಹಾಸದ ಬರಹ.

ವಿಜ್ಞಾನದಲ್ಲಿ ಕ್ರಮ ಬೇರೆ. ತುಂಗಭದ್ರಾ ಎಡದಂಡೆ ಕಾಲುವೆ ಪ್ರದೇಶದ ಮಣ್ಣಿನ ಲವಣಾಂಶ ಪರೀಕ್ಷಿಸಿದರೆ ಉದ್ದೇಶ, ಉಪಕರಣ, ವಿಧಾನ, ಅಳತೆಗಳ ಕೋಷ್ಟಕ, ಫಲಿತಾಂಶ ಎಂದು ದಾಖಲಿಸಬೇಕು. ಅಳತೆ ನಿರೀಕ್ಷೆಯಂತೆ ಬಾರದಿದ್ದಲ್ಲಿ ತಿದ್ದದೆ, ಸಂಭವನೀಯ ಕಾರಣ ಬರೆಯುವುದು ಸರಿ. ಅದೇ ಭೂಮಿಯ ಭತ್ತದ ಬೆಳೆ ಕುರಿತು ಅರ್ಥಶಾಸ್ತ್ರದ ವರದಿ ಬರೆಯುವವರು ಎಷ್ಟು ರೈತರನ್ನು, ಯಾವಾಗ, ಯಾವ ಪ್ರಶ್ನೆ ಕೇಳಲಾಯಿತು ಎಂಬುದನ್ನು ತಿಳಿಸಬೇಕು.

ಅಂಕಗಳ ಹಂಚಿಕೆಯೂ ಬದಲಾಗಿದೆ. 2021-22ರಲ್ಲಿ ರಾಷ್ಟ್ರೀಯ ಶಿಕ್ಷಣ ನೀತಿ ಜಾರಿಯಾದಾಗ ರಾಜ್ಯದಲ್ಲಿ ಸಾಮಾನ್ಯವಾಗಿ 100ಕ್ಕೆ 40 ಅಂಕ ಆಂತರಿಕ ಮೌಲ್ಯಮಾಪನಕ್ಕಿದ್ದವು. 2024-25ರಿಂದ ಮೂರು ವರ್ಷದ ಪದವಿಗೆ ಮರಳಿದ ಬಳಿಕ ಅದು 20ಕ್ಕೆ ಇಳಿದು, ಸೆಮಿಸ್ಟರ್ ಪರೀಕ್ಷೆಯ ಬರವಣಿಗೆಗೇ ಹೆಚ್ಚು ತೂಕ ಬಂದಿದೆ.

ಹಳೆಯ ದಾಖಲೆ ಪುಸ್ತಕ ನಕಲು ಮಾಡುವ ರೂಢಿ ಮುಂದೆ ದುಬಾರಿಯಾದೀತು. ಯುಜಿಸಿಯ 2018ರ ನಿಯಮಾವಳಿ ಅಸೈನ್‌ಮೆಂಟ್‌ಗಳಿಗೆ ಅನ್ವಯಿಸದಿದ್ದರೂ ಸಂಶೋಧನಾ ಪ್ರಬಂಧಗಳಿಗೆ ಅನ್ವಯಿಸುತ್ತದೆ. ಅಲ್ಲಿ ಹೋಲಿಕೆ ಶೇ. 60 ಮೀರಿದರೆ ವಿದ್ಯಾರ್ಥಿಯ ನೋಂದಣಿಯೇ ರದ್ದಾಗಬಹುದು.

ಮನೆಯಲ್ಲಿ ಮೊದಲ ಬಾರಿಗೆ ಪದವಿಗೆ ಬಂದವರಿಗೆ ಇದನ್ನು ಹೇಳಿಕೊಡುವವರು ಅಧ್ಯಾಪಕರಷ್ಟೇ. ಸೆಮಿಸ್ಟರ್ ಆರಂಭದಲ್ಲೇ ಪ್ರತಿ ವಿಷಯದ ಒಂದು ಉತ್ತಮ ಮಾದರಿ ಉತ್ತರವನ್ನು ತರಗತಿಯಲ್ಲಿ ಬಿಡಿಸಿ ತೋರಿಸಿದರೆ, ತಿಳಿದಿದ್ದರೂ ಬರೆಯಲಾಗದೆ ಅಂಕ ಕಳೆದುಕೊಳ್ಳುವುದು ತಪ್ಪುತ್ತದೆ.